ಬೋಣಿಗಿ ಯಾರು ಮಾಡ್ತೀರಿ, ಅದನ್ನ ಹೇಳ್ರಿ ಮೊದಲ

ನಿನ್ನೆ ಒಂದು ಕಾರ್ಯಕ್ರಮಕ್ಕ ಹೋಗಿದ್ದೆ. ಹೋಗಬ್ಯಾಡ್ರಿ ಅಂತ ಮನ್ಯಾಗ ಹೇಳಿದ್ಲು, "ಅಲ್ಲಿಂದ ಬಂದು ಮತ್ತ ಫೇಸ್‌ಬುಕ್‌ನ್ಯಾಗ ಬರಕೋತ ಕೂಡ್ತೀರಿ, ಆಮ್ಯಾಲೆ ಬಿಪಿ ಗುಳಿಗಿ ಹುಡುಕ್ತೀರಿ" ಅಂತ. ಆಕಿ ಮಾತು ಖರೆ ಆತು. ಗುಳಿಗಿ ತಗೊಂಡ ಬರಿಯಾಕ ಕೂತೇನಿ.

ವಿಷಯ ನಿಮಗೆಲ್ಲಾ ಗೊತ್ತಿದ್ದದ್ದ, ಹುಬ್ಬಳ್ಳಿ-ಧಾರವಾಡನ್ನ ಸ್ಟಾರ್ಟಪ್ ಹಬ್ ಮಾಡೂದು ಹೆಂಗ. ಸ್ಟೇಜ್ ಮ್ಯಾಲೆ ಹನ್ನೊಂದು ಮಂದಿ, ನಾ ಎಣಿಸೇನಿ, ಮಾಡೂ ಕೆಲಸ ಬ್ಯಾರೆ ಏನಿತ್ತು. ಸ್ವಾಗತ ಭಾಷಣ ಮುಗಿಯೂದ್ರಾಗ ನಲವತ್ತು ನಿಮಿಷ ಹೋತು. "ನಮ್ಮ ಭಾಗದ ಯುವಕರ ಪ್ರತಿಭೆ" ಅನ್ನೂ ಮಾತು ಎಷ್ಟು ಸಲ ಬಂತು ಅಂತ ಎಣಿಸಾಕ ಚಾಲೂ ಮಾಡಿದ್ದೆ, ಹದಿನಾಲ್ಕಕ್ಕ ಬಿಟ್ಟೆ. ಆಮ್ಯಾಲೆ ಊರಾಗ ಕಂಪನಿ ಚಾಲೂ ಮಾಡಿದ ಆರು ಹುಡುಗೂರನ್ನ ಸ್ಟೇಜ್ ಮ್ಯಾಲೆ ಕರದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ, ಗಾಜಿನ ಮೊಮೆಂಟೊ ಕೊಟ್ಟು, "ಈ ಕಡೆ ನೋಡ್ರಿ ಸರ" ಅಂತ ಫೋಟೊ.

ಊಟದ ಪಾಳೇದಾಗ ಅದರಾಗಿನ ಒಬ್ಬ ಹುಡುಗ ನನ್ನ ಹಿಂದ ನಿಂತಿದ್ದ. ಶಾಲು ಘಳಿಗಿ ಮಾಡಿ ಲ್ಯಾಪ್‌ಟಾಪ್ ಬ್ಯಾಗ್‌ನ್ಯಾಗ ತುರುಕಿದ್ದ. "ಏನಪಾ, ಭಾರೀ ಸನ್ಮಾನ ಆತಲಾ" ಅಂದೆ. ಅವ ಆಕಡೆ ಈಕಡೆ ನೋಡಿ ಸಣ್ಣ ದನಿಲೆ ಅಂದ, "ಸರ, ಈಗ ನನಗ ಶಾಲು ಹೊದಿಸಿದ್ರಲ್ರಿ, ಅವರ ಫ್ಯಾಕ್ಟರಿಯಿಂದನ ಏಳು ತಿಂಗಳ ಬಿಲ್ ಬರೂದೈತ್ರಿ. ಅಕೌಂಟ್ಸ್‌ನವ್ರು ಫೋನ್ ಎತ್ತಂಗಿಲ್ಲ. ಸ್ಟೇಜ್ ಮ್ಯಾಲೇ ಕೇಳಿಬಿಡಲ್ಯಾ ಅಂತ ವಿಚಾರ ಮಾಡಕೋತ ನಿಂತಿದ್ದೆ." ಎಷ್ಟಪಾ ಅಂದೆ. ಒಂದು ಲಕ್ಷ ಎಂಬತ್ತು ಸಾವಿರ. ಆ ಶಾಲು ಹೊದಿಸಿದ ಮನುಷ್ಯಾಗ ಅದೊಂದು ಮದುವಿ ಮುಯ್ಯಿ ರೊಕ್ಕ ಮಾರಾಯ್ರ. ಈ ಹುಡುಗಗ ಮೂರು ಮಂದಿ ಒಂದೂವರೆ ತಿಂಗಳ ಪಗಾರ.

ಆ ಮ್ಯಾಲೆ ನನಗ ಊಟ ಸೇರಲಿಲ್ಲ. (ಸುಳ್ಳು. ಎರಡು ಹೋಳಿಗಿ ತಿಂದೆ. ಆದ್ರ ಸಿಟ್ಟಿನ್ಯಾಗ ತಿಂದೆ.)

ನಮ್ಮ ಊರಾಗ ಒಂದು ಪದ್ಧತಿ ಐತಿ. ಬೀಗರ ಮಗ ಕಿರಾಣಿ ಅಂಗಡಿ ಇಟ್ರ ಪೂಜಾದ ದಿನ ಹೋಗಿ ಏನೂ ಬ್ಯಾಡಾಗಿದ್ರೂ ಎರಡು ಕಿಲೋ ಸಕ್ಕರಿ ತಗೊಂಡು ಬರ್ತೀವಿ. ಉದ್ರಿ ಹೇಳಂಗಿಲ್ಲ, ಚೌಕಾಸಿ ಮಾಡಂಗಿಲ್ಲ, ನೋಟು ಕೈಯಾಗ ಇಡ್ತೀವಿ, ಅವ ಅದನ್ನ ಕಣ್ಣಿಗೊತ್ತಿಕೊಂಡು ಗಲ್ಲಾಕ್ಕ ಹಾಕ್ತಾನ. ಬೋಣಿಗಿ ಅದು. ಕಾಯಿಪಲ್ಲೆ ಮಾರೂ ಅಜ್ಜಿನೂ "ಬೋಣಿಗಿ ಆಗಿಲ್ಲ ತಮ್ಮಾ, ಹಂಗ ಹೋಗಬ್ಯಾಡ" ಅಂತಾಳ. ಇಷ್ಟು ವ್ಯಾಪಾರದ ಊರು, ಹತ್ತಿ, ಮೆಣಸಿನಕಾಯಿ, ಅಮರಗೋಳ ಎಪಿಎಂಸಿ, ಅಜ್ಜ ಮುತ್ತ್ಯಾರ ಕಾಲದಿಂದ ಅಡತಿ ಮಾಡಿ ಬಾಯಿಮಾತಿನ್ಯಾಗ ಲಕ್ಷಗಟ್ಟಲೆ ದಾಟಿಸಿದ ಮಂದಿ ನಾವು. ಅಂಥಾ ಊರಾಗ ಸಾಫ್ಟ್‌ವೇರ್ ಮಾಡಿದ ಹುಡುಗಗ ಬೋಣಿಗಿ ಮಾಡೂ ಗಂಡಸು ಒಬ್ಬ ಇಲ್ಲ. ಶಾಲು ಹೊದಿಸಾವ್ರು ಹನ್ನೊಂದು ಮಂದಿ.

ಇಲ್ಲಿ ಏನೂ ಇಲ್ಲ ಅಂತ ನಾ ಹೇಳಾಕತ್ತಿಲ್ಲ, ದಯವಿಟ್ಟು ಕಮೆಂಟಿನ್ಯಾಗ ಲಿಸ್ಟ್ ಹಾಕಬ್ಯಾಡ್ರಿ, ನಾನ ಹಾಕ್ತೇನಿ. ಬಿವಿಬಿ ಕಾಲೇಜು 1947ರಿಂದ ಎಂಜಿನಿಯರ್‌ಗಳನ್ನ ತಯಾರು ಮಾಡಾಕತ್ತೈತಿ, ಈಗ ಅದು ಕೆಎಲ್‌ಇ ಟೆಕ್ ಯೂನಿವರ್ಸಿಟಿ. ಟ್ರಿಪಲ್ ಐಟಿ 2015ಕ್ಕ ಬಂತು, ಐಐಟಿ 2016ಕ್ಕ ಬಂತು. ಐಟಿ ಪಾರ್ಕ್ ಐತಿ. ಉದ್ಯಮಿ ಗುರುರಾಜ ದೇಶಪಾಂಡೆಯವರ ಸ್ಟಾರ್ಟಪ್ ಕೇಂದ್ರ 2018ರಿಂದ ಐತಿ, ಅಲ್ಲಿಗೆ ನಾ ಭಾಳ ಸಲ ಹೋಗೇನಿ, ಒಳ್ಳೆ ಜಾಗಾ. ಬೆಂಗಳೂರಿನ ಆಚೆಗೂ ಕಂಪನಿ ಬೆಳಸಬೇಕು ಅಂತ ರಾಜ್ಯ ಸರ್ಕಾರದ್ದು ಬಿಯಾಂಡ್ ಬೆಂಗಳೂರು ಅನ್ನೂ ಯೋಜನಾ ಐತಿ, ಎಲಿವೇಟ್ ಅನ್ನೂ ಸರ್ಕಾರದ್ದ ಸ್ಟಾರ್ಟಪ್ ಸ್ಪರ್ಧಾದಾಗ ಗೆದ್ದ್ರ 50 ಲಕ್ಷದ ತನಕ ಅನುದಾನ ಐತಿ. ಹುಬ್ಬಳ್ಳಿಂದ ಧಾರವಾಡಕ್ಕ ಹೋಗಾಕ ಏಸಿ ಚಿಗರಿ ಬಸ್ ಐತಿ. ಮತ್ತ ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಐತಲ್ರಿ, 1507 ಮೀಟರ್! ಐಐಟಿ ಕ್ಯಾಂಪಸ್ಸು ಈ ಪ್ಲಾಟ್‌ಫಾರ್ಮು ಎರಡೂ 2023ರ ಮಾರ್ಚ್ 12ಕ್ಕ ಒಂದ ದಿನ ಲೋಕಾರ್ಪಣೆ ಆದೂವು. ಆವತ್ತ ನನಗ ಅನಿಸಿತ್ತು, ಒಂದು ಹುಡುಗೂರನ್ನ ತಯಾರು ಮಾಡಾಕ, ಇನ್ನೊಂದು ಕಳಸಿಕೊಡಾಕ. ರವಿವಾರ ರಾತ್ರಿ ಹೋಗಿ ನೋಡ್ರಿ, ಬೆಂಗಳೂರಿಗೆ ಹೊಂಟ ಹುಡುಗೂರಿಗೆ 1507 ಮೀಟರ್‌ನೂ ಸಾಲಂಗಿಲ್ಲ.

ಅಂದ್ರ ಕಟ್ಟಡಕ್ಕ, ಕಾಲೇಜಿಗೆ, ಭಾಷಣಕ್ಕ ಕಮ್ಮಿ ಇಲ್ಲ. ಗಿರಾಕಿ ಇಲ್ಲ. ಬಿಲ್ ಕೊಟ್ರ ರೊಕ್ಕ ಕೊಡೂ ಗಿರಾಕಿ.

ಬೆಂಗಳೂರು ಹವಾದಿಂದ ಬೆಳೀತು ಅಂತ ಸ್ಟೇಜ್ ಮ್ಯಾಲೆ ಒಬ್ರು ಹೇಳಿದ್ರು. ಹವಾ ಧಾರವಾಡದ್ದೂ ಚಲೋ ಇತ್ತಲ್ರಿ, ಏನಾತು? ಬೆಂಗಳೂರಿಗೆ 1985ಕ್ಕ ಅಮೆರಿಕಾದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದದ್ದನ್ನ ಎಲ್ಲಾರೂ ಹೇಳ್ತಾರ, ಅದಕ್ಕಿಂತ ಮೊದಲ ನಲವತ್ತು ವರ್ಷ ಏನು ನಡದಿತ್ತು ಅನ್ನೂದನ್ನ ಯಾರೂ ಹೇಳಂಗಿಲ್ಲ. 1940ಕ್ಕ ವಿಮಾನದ ಎಚ್‌ಎಎಲ್, 1948ಕ್ಕ ಟೆಲಿಫೋನಿನ ಐಟಿಐ, 1953ಕ್ಕ ಮಶಿನ್ ಟೂಲಿನ ಎಚ್‌ಎಂಟಿ, 1954ಕ್ಕ ಎಲೆಕ್ಟ್ರಾನಿಕ್ಸಿನ ಬಿಇಎಲ್. ಈ ಫ್ಯಾಕ್ಟರಿಗಳು ಬರೇ ನೌಕರಿ ಕೊಡಲಿಲ್ಲ, ಸಣ್ಣ ಸಣ್ಣ ವರ್ಕ್‌ಶಾಪ್‌ನವರಿಗೆ ಡ್ರಾಯಿಂಗ್ ಕೊಟ್ಟು "ಇಂಥಾವು ಇಷ್ಟು ನಗ ಮಾಡಿಕೊಡು" ಅಂತ ಆರ್ಡರ್ ಕೊಟ್ವು. ಒಂದು ಲೇಥ್ ಇಟ್ಟಾಂವ ಎರಡನೇದು ತಗೊಂಡದ್ದು ಆ ಆರ್ಡರ್ ನಂಬಿ. ಅಮೆರಿಕಾದ ಸಿಲಿಕಾನ್ ವ್ಯಾಲಿ ಕಥೀನೂ ಇದ. ಎಂಟು ಮಂದಿ ಕೂಡಿ 1957ಕ್ಕ ಫೇರ್‌ಚೈಲ್ಡ್ ಅಂತ ಟ್ರಾನ್ಸಿಸ್ಟರ್ ಕಂಪನಿ ತಗದ್ರು, ಮಾಲು ಇನ್ನೂ ಸರಿ ತಯಾರ ಆಗಿರಲಿಲ್ಲ, ಆಗ ಐಬಿಎಂ ನೂರು ಟ್ರಾನ್ಸಿಸ್ಟರ್ ಆರ್ಡರ್ ಕೊಡ್ತು, ಒಂದೊಂದಕ್ಕ 150 ಡಾಲರ್. ನೂರ ನಗ! ನಮ್ಮ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಾಗ ನೂರು ನಗದ ಆರ್ಡರ್ ತಂದ್ರ ಸೂಪರ್‌ವೈಸರ್ ನಗ್ತಾನ. ಆದ್ರ ಬೋಣಿಗಿ ಅಂದ್ರ ಅದ ನೋಡ್ರಿ. ಐಬಿಎಂನವರು ಆ ಎಂಟು ಮಂದಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದ್ರ ಇವತ್ತ ಅಲ್ಲಿ ಹಿಂದಿನಂಗ ಹಣ್ಣಿನ ತ್ವಾಟನ ಇರ್ತಿತ್ತು.

ಈಗ ನಮ್ಮ ಗೆಳೆಯ ಒಬ್ಬ ಅದಾನ, ಈ ಪೋಸ್ಟ್ ಓದಾಕತ್ತಾನ, ನನಗ ಗೊತ್ತೈತಿ. ಅವನ ವಾದ, "ಸಾಫ್ಟ್‌ವೇರ್‌ಗೆ ಊರು ಯಾಕ ಬೇಕಲೇ, ಇಂಟರ್ನೆಟ್ ಐತಿ, ಗಿರಾಕಿ ಜರ್ಮನಿಯಾಗಿರ್ತಾನ, ತಮಿಳುನಾಡಿನ ತೆಂಕಾಶಿಯಾಗ ಕೂತು ಜೋಹೊ ಸಾಫ್ಟ್‌ವೇರ್ ಕಂಪನಿಯವ್ರು ಮಾಡಾಕತ್ತಿಲ್ಲೇನು?" ಮಾಡಾಕತ್ತಾರ, ಒಪ್ಕೋತೀನಿ. ಆದ್ರ ಆ ಕಂಪನಿ ಚಾಲೂ ಆದದ್ದು 1996ಕ್ಕ, ತೆಂಕಾಶಿ ಕಡೆ ಹಳ್ಳಿಗೆ ಹೋದದ್ದು 2011ಕ್ಕ. ಹದಿನೈದು ವರ್ಷ ಬ್ಯಾರೆ ಕಡೆ ದುಡದು, ಗಿರಾಕಿ ಮಾಡಿಕೊಂಡು, ಕಿಸೇದಾಗ ರೊಕ್ಕ ಇಟ್ಕೊಂಡು ಹಳ್ಳಿಗೆ ಹೋಗೂದು ಬ್ಯಾರೆ, ಹಳ್ಳಿಯಾಗ ಕೂತು ಮೊದಲನೇ ಗಿರಾಕಿ ಹುಡುಕೂದು ಬ್ಯಾರೆ. ಅವ ಮತ್ತ ನಮ್ಮ ಊರಿನ ಸಂಕಲ್ಪ ಸೆಮಿಕಂಡಕ್ಟರ್ ಹೆಸರು ಹೇಳ್ತಾನ. ಆ ಹೆಸರು ಬಂದ್ರ ನನಗೂ ಎದಿ ಉಬ್ಬತೈತಿ, ಸುಳ್ಳು ಯಾಕ ಹೇಳ್ಲಿ. 2005ಕ್ಕ ಹುಬ್ಬಳ್ಳಿಯಾಗ ಕೂತು ಚಿಪ್ ಡಿಸೈನ್ ಮಾಡ್ತೀವಿ ಅಂದ್ರು, ಮಂದಿ ಆಲೂಗಡ್ಡಿ ಚಿಪ್ಸ್ ಅಂತ ತಿಳಕೊಂಡ ಕಾಲ ಅದು. 2019ರಾಗ ಎಚ್‌ಸಿಎಲ್‌ನವರು ಅದನ್ನ 180 ಕೋಟಿಗೆ ತಗೊಂಡ್ರು. ಆದ್ರ ಅದನ್ನ ಕಟ್ಟಿದವರು ದೊಡ್ಡ ಸೆಮಿಕಂಡಕ್ಟರ್ ಕಂಪನಿಯೊಳಗ ಪಳಗಿ ಬಂದಿದ್ರು, ಅವರನ್ನ ನಂಬೂ ಮಂದಿ ಮೊದಲ ಹೊರಗ ಇದ್ರು. ಇಪ್ಪತ್ತೆರಡು ವರ್ಷದ ಹುಡುಗನ್ನ ಜರ್ಮನಿಯಾಂವ ಯಾಕ ನಂಬ್ತಾನ, ನಮ್ಮ ಊರ ಫ್ಯಾಕ್ಟರಿಯಾಂವನ ನಂಬದಾಗ? ಜರ್ಮನಿಯಾಂವ ಮೊದಲ ಕೇಳೂ ಪ್ರಶ್ನಿ ಅದ, ನಿಮ್ಮ ಈಗಿನ ಗಿರಾಕಿ ಯಾರು ಅಂತ. ಏನಂತ ಹೇಳ್ಬೇಕವ? ನನಗ ಮೂರು ಶಾಲು ಬಂದಾವ ಅಂತನಾ?

ಇನ್ನ ಸರ್ಕಾರಿ ಕೆಲಸದ ಕಥಿ. ಸ್ಟಾರ್ಟಪ್‌ಗಳಿಗೆ ಹಳೇ ಅನುಭವ, ಟರ್ನೋವರ್ ಇವನ್ನೆಲ್ಲಾ ಕೇಳಬ್ಯಾಡ್ರಿ, ಸಡಿಲಿಕಿ ಕೊಡ್ರಿ ಅಂತ ಕೇಂದ್ರ ಸರ್ಕಾರ 2016ರಾಗನ ತನ್ನ ಇಲಾಖೆಗಳಿಗೆ ಹೇಳೈತಿ. ಆದ್ರ ನನ್ನ ಗುರ್ತಿನ ಹುಡುಗಿ ಒಬ್ಬಾಕಿ ಒಂದು ಆಫೀಸಿಗೆ ಟೆಂಡರ್ ಹಾಕಾಕ ಹೋದ್ರ "ಮೂರು ವರ್ಷದ ಬ್ಯಾಲೆನ್ಸ್ ಶೀಟ್ ತಾ ತಂಗಿ" ಅಂದ್ರಂತ. ಕಂಪನಿ ಹುಟ್ಟಿ ಎಂಟು ತಿಂಗಳಾಗಿತ್ತು. ಹೋಗ್ಲಿ ಬಿಡ್ರಿ, ಸರ್ಕಾರಕ್ಕ ಬೈಯೂದು ಸಸಾರ. ನನ್ನ ಸಿಟ್ಟು ನಮ್ಮ ಮಂದಿ ಮ್ಯಾಲೆ.

ಈಗ ಹೇಳಬಾರದ್ದು ಒಂದು ಹೇಳ್ತೀನಿ. ರಾತ್ರಿ ನಿದ್ದಿ ಬರಲಿಲ್ಲ, ಕಾರಣ ಆ ಶಾಲಿನ ಸಾವಕಾರ ಅಲ್ಲ, ನಾನ.

ನಿಮಗ ಗೊತ್ತಿದ್ದಂಗ ಒಂಬತ್ತು ವರ್ಷ ಬೆಂಗಳೂರಾಗ ಟ್ರಾಫಿಕ್ಕಿನ್ಯಾಗ ಕೊಳತು ವಾಪಸ್ ಬಂದು ಅಪ್ಪನ ವರ್ಕ್‌ಶಾಪ್ ಹಿಡದಾಂವ ನಾ. ವಾಲ್ವ್ ಬಾಡಿ ಮಶಿನಿಂಗ್, ಜಾಬ್ ವರ್ಕ್, ನಾಕು ಸಿಎನ್‌ಸಿ, ಅಂದ್ರ ಕಂಪ್ಯೂಟರ್ ಹೇಳಿದಂಗ ಕೊರಿಯೂ ಮಶಿನ್. ಹುಬ್ಬಳ್ಳಿ ವಾಲ್ವ್ ಅಂದ್ರ ದೇಶಕ್ಕೆಲ್ಲಾ ಗೊತ್ತು, ಅದರ ಬಾಲ ಹಿಡಕೊಂಡು ಬದುಕೂ ನನ್ನಂಥಾವರು ತಾರಿಹಾಳ, ಗೋಕುಲ ರೋಡ್ ತುಂಬ ಅದಾರ. ಮೂರು ವರ್ಷದ ಹಿಂದ ಇಲ್ಲೇ ಓದಿದ ಇಬ್ಬರು ಹುಡುಗೂರು ನಮ್ಮ ಶಾಪಿಗೆ ಬಂದ್ರು. ಒಂದು ಸಣ್ಣ ಡಬ್ಬಿ, ಮಶಿನ್‌ಗೆ ಹಚ್ಚಿದ್ರ ಅದು ಎಷ್ಟೊತ್ತು ಓಡಿತು, ಎಷ್ಟೊತ್ತು ಸುಮ್ಮನ ನಿಂತಿತ್ತು, ಮೊಬೈಲ್‌ನ್ಯಾಗ ತೋರಸ್ತೈತಿ. ಚಲೋ ಇತ್ತು. ಎರಡು ವಾರ ಪುಕ್ಕಟೆ ಹಚ್ಚಿ ತೋರಿಸಿದ್ರು. ನೈಟ್ ಶಿಫ್ಟಿನ್ಯಾಗ ಎರಡೂವರೆಯಿಂದ ನಾಕೂವರೆ ತನಕ ಮೂರನೇ ಮಶಿನ್ ದಿನಾ ನಿದ್ದಿ ಮಾಡ್ತೈತಿ ಅಂತ ನನಗ ಗೊತ್ತಾದದ್ದ ಆ ಡಬ್ಬಿಯಿಂದ. ಅದನ್ನ ಹಿಡಕೊಂಡು ನಾ ಆಪರೇಟರ್‌ಗೆ ಬೈದೆ, ಹುಡುಗೂರಿಗೆ ಚಾ ಕುಡಿಸಿದೆ, "ನೋಡೂಣಪಾ, ಹೇಳ್ತೀನಿ" ಅಂತ ಕಳಿಸಿದೆ. ಮುಂದಿನ ತಿಂಗಳು ಪುಣೆ ಕಂಪನಿಯದ್ದ ಅಂಥಾದ್ದ ಡಬ್ಬಿ ತಗೊಂಡೆ. ರೇಟು ಡಬಲ್. ಯಾಕ? ಅವರ ಬ್ರೋಶರ್ ಗ್ಲೇಜ್ ಪೇಪರಿನ್ಯಾಗಿತ್ತು. ಇವರು ಬಜಾಜ್ ಪಲ್ಸರ್ ಮ್ಯಾಲೆ ಬಂದಿದ್ರು.

ಅದೊಂದ ಅಲ್ಲ, ಇನ್ನೂ ಕೆಟ್ಟದ್ದು ಐತಿ. "ಇವರು ನಾಳೆ ನೌಕರಿ ಸಿಕ್ಕ್ರ ಬಿಟ್ಟು ಹೊಕ್ಕಾರ, ಆಮ್ಯಾಲೆ ಸರ್ವೀಸ್ ಯಾರು ಕೊಡಬೇಕು" ಅಂತ ನಾ ನಾಕು ಮಂದಿ ಮುಂದ ಅಂದೆ. ಅವರೂ ತಗೊಳ್ಳಲಿಲ್ಲ. ಗಿರಾಕಿ ಇಲ್ಲ ಅಂತ ಅವರು ಬಿಟ್ಟು ಹೋಗ್ತಾರ, ಬಿಟ್ಟು ಹೋಗ್ತಾರ ಅಂತ ನಾವು ಗಿರಾಕಿ ಆಗಂಗಿಲ್ಲ. ಪುಣೆ ಕಂಪನಿ ಸರ್ವೀಸ್ ಎಂಜಿನಿಯರ್ ಬರಾಕ ಹತ್ತು ದಿವಸ ತಗೋತಾನ, ಲಾಡ್ಜ್ ಖರ್ಚೂ ನಂದ.

ಇನ್ನ ಬಿಲ್ಲಿನ ಮಾತು. 2006ರ ಎಂಎಸ್‌ಎಂಇ ಕಾಯ್ದೆ, ಅಂದ್ರ ಸಣ್ಣ ಉದ್ದಿಮೆಗಳ ಕಾಯ್ದೆ, ಏನ್ ಹೇಳತೈತಿ? ಸರ್ಕಾರದ ಉದ್ಯಮ್ ಪೋರ್ಟಲ್‌ನ್ಯಾಗ ರಿಜಿಸ್ಟರ್ ಆದ ಸಣ್ಣ ಘಟಕದಿಂದ ಮಾಲು ಅಥವಾ ಸೇವೆ ತಗೊಂಡ್ರ ಬರದು ಕೊಟ್ಟ ಕರಾರು ಇದ್ರೂ 45 ದಿನದಾಗ ರೊಕ್ಕ ಕೊಡಬೇಕು, ಕರಾರು ಇಲ್ಲಂದ್ರ 15 ದಿನ. ತಪ್ಪಿದ್ರ ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಇನ್‌ಕಮ್ ಟ್ಯಾಕ್ಸ್‌ನವರೂ ಬಂದ್ರು ನಡುವ, ಟೈಮಿಗೆ ಕೊಡದಿದ್ರ ಆ ಖರ್ಚು ಆ ವರ್ಷದ ಲೆಕ್ಕಕ್ಕ ಹಿಡಿಯಾಕ ಬರಂಗಿಲ್ಲ. ಕಾಯ್ದೆ ಇಷ್ಟು ಗಟ್ಟಿ ಐತಿ. ಆದ್ರ ಇರೂದ ಇಬ್ಬರು ಗಿರಾಕಿ, ಅದರಾಗ ಒಬ್ಬನ ಮ್ಯಾಲೆ ಕಂಪ್ಲೇಂಟ್ ಹಾಕಿ ಈ ಊರಾಗ ಆ ಹುಡುಗ ಮೂರನೇದಾಂವನ್ನ ಹುಡುಕ್ಯಾನಾ? ಸಂಜೀ ಮುಂದ ಕ್ಲಬ್ಬಿನ್ಯಾಗ ಎಲ್ಲಾರೂ ಒಬ್ಬರಿಗೊಬ್ಬರು ಬೀಗರು. ಅದಕ್ಕ ಅವ ಶಾಲು ಹೊದಿಸಿಕೊಂಡು ನಗ್ತಾನ.

ನಿನ್ನೆ ಆ ಹನ್ನೊಂದು ಮಂದಿಯಾಗ ಏಳು ಮಂದಿಗೆ ಫ್ಯಾಕ್ಟರಿ, ಶೋರೂಮ್, ಕಾಲೇಜು, ದವಾಖಾನಿ ಅದಾವ. ಒಬ್ರರೆ ಎದ್ದು ನಿಂತು "ಈ ಆರು ಹುಡುಗೂರದಾಗ ಒಬ್ಬಂದು ನಾ ತಗೋತೀನಿ, ಇಕಾ ಅಡ್ವಾನ್ಸ್" ಅಂದಿದ್ರ ಆ ನಲವತ್ತು ನಿಮಿಷದ ಸ್ವಾಗತ ಭಾಷಣಾನೂ ನಾ ಮಾಫ್ ಮಾಡ್ತಿದ್ದೆ. ಕೆಟ್ಟ ಮಾಲು ತಗೋರಿ ಅನ್ನಾಕತ್ತಿಲ್ಲ. ಸಣ್ಣದೊಂದು ತಗೋರಿ, ಬೈರಿ, ತಿದ್ದಸ್ರಿ, ಮತ್ತ ಬೈರಿ. ಬೈಯಾಕ ನಮಗ ಯಾರೂ ಕಲಸೂದು ಬೇಕಾಗಿಲ್ಲ. ಆದ್ರ ರೊಕ್ಕ ಕೊಟ್ಟು ಬೈರಿ.

ಇವತ್ತ ಮುಂಜಾನೆ ಆ ಡಬ್ಬಿ ಹುಡುಗೂರ ನಂಬರ್ ಹುಡುಕಿ ಫೋನ್ ಹಚ್ಚಿದೆ. ಬಿಟ್ಟು ಹೋಗಿರ್ತಾರ ಅಂದ್ಕೊಂಡಿದ್ದೆ, ನಿಜ ಹೇಳ್ಬೇಕಂದ್ರ ಬಿಟ್ಟು ಹೋಗಿದ್ರ ನನ್ನ ಮಾತು ಖರೆ ಆಗ್ತಿತ್ತು ಅನ್ನೂ ಹಲಕಟ್ ಆಸೆನೂ ಇತ್ತು. ಪೂರಾ ಬಿಟ್ಟಿಲ್ಲ. ಒಬ್ಬ ಬೆಂಗಳೂರಿಗೆ ಹೋಗ್ಯಾನ, ಇನ್ನೊಬ್ಬ ಇಲ್ಲೇ ಗಟ್ಟಿ ಹಿಡದಾನ. ಹೊಸಾ ಡಬ್ಬಿ ಬಂದೈತಿ, ಟೂಲ್ ಸವದದ್ದನ್ನೂ ಹೇಳ್ತೈತಂತ. ರೇಟ್ ಹೇಳಿದ. ಹೇಳಿದ ಕೂಡ್ಲೆ ನನ್ನ ಬಾಯಿಂದ ಏನ್ ಬಂತು ಗೊತ್ತೇನು? "ಲಾಸ್ಟ್ ಎಷ್ಟಪಾ?"

ರಾತ್ರಿಯೆಲ್ಲಾ ಮಲಗದ ವಿಚಾರ ಮಾಡಿದ ಮನುಷ್ಯ ನಾ.

ಅವ ಸ್ವಲ್ಪ ಹೊತ್ತು ಸುಮ್ಮನಿದ್ದು, ಭಾಳ ಮರ್ಯಾದಿಲೆ ಅಂದ, "ರೇಟ್ ಅಷ್ಟ ರೀ ಸರ. ಮತ್ತ ಅರ್ಧ ಅಡ್ವಾನ್ಸ್ ಬಂದ ಮ್ಯಾಲೇನ ಹಚ್ಚಾಕ ಬರ್ತೀವ್ರಿ." ನಾ ಹೂಂ ಅಂದೆ. ಸೋಮವಾರ ಹಾಕ್ತೀನಿ ಅಂದೇನಿ. ಈ ಪೋಸ್ಟ್ ಅವ ಓದ್ತಾನೋ ಇಲ್ಲೋ ಗೊತ್ತಿಲ್ಲ, ಮನ್ಯಾಗಿನಾಕಿ ಓದ್ಯಾಳ. ಸೋಮವಾರ ನೆನಪು ಮಾಡೂ ಕೆಲಸ ಆಕೀದು.