ಮೈಲಿಗೆಗೂ ಒಂದು ದರಪಟ್ಟಿ ಬೇಕು

ಸಮುದ್ರ ಹಾರಿದ, ಸಂಜೀವಿನಿ ಬೆಟ್ಟವನ್ನೇ ಹೊತ್ತು ತಂದ, ಬಾಲಕ್ಕೆ ಬೆಂಕಿ ಇಟ್ಟರೆ ಲಂಕೆಯನ್ನೇ ಸುಟ್ಟ. ಅಂಥ ಆಂಜನೇಯನಿಗೆ ಮೈಲಿಗೆ ಆಗೋಕೆ ಎರಡು ವರ್ಷದ ಮಗು ಸಾಕಾಯ್ತು. 2021ರಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ದಲಿತರ ಮಗುವೊಂದು ಗುಡಿಯೊಳಗೆ ಓಡಿತು. ಶುದ್ಧಿ ಮಾಡಿಸಬೇಕು, 25,000 ರೂಪಾಯಿ ಕೊಡಿ ಎಂದರು. ಮರುವರ್ಷ ಕೋಲಾರ ಜಿಲ್ಲೆಯ ಉಳ್ಳೇರಹಳ್ಳಿಯಲ್ಲಿ ದಲಿತ ಹುಡುಗನೊಬ್ಬ ದೇವರ ಮೆರವಣಿಗೆಯ ಕೋಲು ಮುಟ್ಟಿದ. ಅದಕ್ಕೆ 60,000. ಒಂದೇ ವರ್ಷದಲ್ಲಿ ಡಬಲ್‌ಗಿಂತ ಜಾಸ್ತಿ! ಚಿನ್ನದ ರೇಟೂ ಹಾಗೆ ಏರಲಿಲ್ಲ. ಸರ್ಕಾರ ಒಂದು ದರಪಟ್ಟಿ ಹಾಕಿಬಿಡಲಿ. ಹೊಸಿಲು ದಾಟಿದರೆ ಇಷ್ಟು, ಕೋಲು ಮುಟ್ಟಿದರೆ ಇಷ್ಟು, ಮಕ್ಕಳಿಗೆ ಹಾಫ್ ಟಿಕೆಟ್. ಜಿಎಸ್‌ಟಿ ಪ್ರತ್ಯೇಕ.

ಇದರಲ್ಲಿ ನನಗೆ ತುಂಬ ಹಿಡಿಸಿದ್ದು ನೋಟಿನ ವಿಚಾರ. ಕೈ ತಾಗಿದರೆ ದೇವರಿಗೇ ಮೈಲಿಗೆ. ಅದೇ ಕೈ ದುಡಿದು, ಎಣಿಸಿ ಕೊಡುವ ದಂಡದ ನೋಟಿಗೆ ಏನೂ ಆಗೋದಿಲ್ಲ. ಆ ಕೈ ನೆಟ್ಟ ಭತ್ತಕ್ಕೂ ಇಲ್ಲ, ಗುಡಿ ಕಟ್ಟಲು ಹೊತ್ತ ಇಟ್ಟಿಗೆಗೂ ಇಲ್ಲ. ತಮಟೆ ಇಲ್ಲದೆ ಜಾತ್ರೆ ಹೊರಡೋದೇ ಇಲ್ಲ ಅಲ್ವಾ? ಸದ್ದು ಗರ್ಭಗುಡಿವರೆಗೂ ಹೋಗಬಹುದು. ಬಾರಿಸಿದವನು ಹೊರಗೇ ನಿಲ್ಲಬೇಕು.

ಇನ್ನು ಚಾಮರಾಜನಗರದ ಹೆಗ್ಗೋಠಾರ. 2022ರ ನವೆಂಬರ್‌ನಲ್ಲಿ ಮದುವೆಗೆ ಬಂದಿದ್ದ ದಲಿತ ಹೆಣ್ಣುಮಗಳೊಬ್ಬರು ತೊಂಬೆಯ ನಲ್ಲಿ ತಿರುಗಿಸಿ ನೀರು ಕುಡಿದರು. ನಲ್ಲಿ ಕೆಳಗೆ, ನೀರು ಮೇಲೆ. ಮೈಲಿಗೆ ಪೈಪಿನೊಳಗೆ ಮೇಲಕ್ಕೂ ಹತ್ತುತ್ತದೆ ಅಂತ ಅವತ್ತು ಗೊತ್ತಾಯ್ತು. ಮೋಟಾರೂ ಬೇಡ, ಕರೆಂಟೂ ಬೇಡ! ತೊಂಬೆ ಖಾಲಿ ಮಾಡಿ, ಗೋಮೂತ್ರ ಹಾಕಿ ತೊಳೆದರು. ಈ ವಿದ್ಯೆ ಜಲಮಂಡಳಿಗೆ ಗೊತ್ತಾದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನ ಹದಿನಾಲ್ಕನೇ ಮಹಡಿಗೂ ಪಂಪಿಲ್ಲದೆ ನೀರು ಹತ್ತೀತು.

ಇಂಥದ್ದೆಲ್ಲ ಪೇಪರ್‌ನಲ್ಲಿ ಬಂದ ಮೇಲೆ ಶಾಂತಿ ಸಭೆ ನಡೆಯಲೇಬೇಕು. ಯಾವ ಊರಾದರೂ ಡೈಲಾಗ್ ಒಂದೇ. "ನಮ್ಮಲ್ಲಿ ಜಾತಿ ಗೀತಿ ಏನೂ ಇಲ್ಲ ಸಾರ್. ಅಣ್ಣ ತಮ್ಮಂದಿರ ಥರ ಇದ್ದೀವಿ. ಯಾರೋ ಹೊರಗಿನವರು ತಂದಿಟ್ಟಿದ್ದು." ಹೊರಗಿನವರು ಅಂದರೆ ಸಂವಿಧಾನದ 17ನೇ ವಿಧಿ ಇರಬೇಕು. ಅಸ್ಪೃಶ್ಯತೆ ರದ್ದಾಗಿದೆ ಅಂತ ಹೇಳೋಕೆ 1950ರಲ್ಲೇ ಬಂದದ್ದು, ಇನ್ನೂ ಊರಾಚೆ ನಿಂತಿದೆ.

ಅಣ್ಣ ತಮ್ಮಂದಿರು ಅನ್ನೋದು ಮಾತ್ರ ಸುಳ್ಳಲ್ಲ. ಆಸ್ತಿ ಭಾಗ ಆಗಿದೆ, ಅಷ್ಟೇ. ಕೆರೆ ಕೆಳಗಿನ ಗದ್ದೆ ಅಣ್ಣನಿಗೆ, ಆ ಗದ್ದೆಯ ಕೂಲಿ ತಮ್ಮನಿಗೆ. ತಮ್ಮ ಸ್ಟೇಷನ್‌ಗೆ ಹೋದನೋ, ಮರುದಿನ ಕೂಲಿ ಇಲ್ಲ. ಅಂಗಡಿಯಲ್ಲಿ ಅವನಿಗೆ ಬೆಂಕಿಪೊಟ್ಟಣವೂ ಸ್ಟಾಕ್ ಇಲ್ಲ. ಹಿಟ್ಟಿನ ಗಿರಣಿ ಅವನ ರಾಗಿ ನೋಡಿದ ತಕ್ಷಣ ಕೆಟ್ಟು ನಿಲ್ಲುತ್ತದೆ.

ಸಭೆ ಮುಗಿದ ಮೇಲೆ ಎಲ್ಲರಿಗೂ ಒಂದೇ ಥರ ಟೀ. ಪೇಪರ್ ಲೋಟದಲ್ಲಿ. ಹೋಟೆಲಿನಲ್ಲಿ ಎರಡು ಥರ ಲೋಟ ಇಟ್ಟರೆ ಕೇಸು ಬೀಳುತ್ತೆ. ಕುಡಿದು ಬಿಸಾಡುವ ಲೋಟಕ್ಕೆ ಯಾವ ಸೆಕ್ಷನ್ನೂ ಇಲ್ಲ.