ಎರಡೂ ಇರಲಿ

ಶುಕ್ರವಾರ ಸಂಜೆ ಐದರ ಮೇಲೆ ಯಾರೂ ಮರ್ಜ್ ಮಾಡಕೂಡದು, ಅಂದರೆ ತಾವು ಬರೆದ ಕೋಡನ್ನು ಎಲ್ಲರ ಕೋಡಿಗೆ ಸೇರಿಸಕೂಡದು ಎಂಬ ನಿಯಮ ನಮ್ಮ ಕಚೇರಿಯಲ್ಲಿ ಈಗ ಇದೆ. ಮೊದಲು ಇರಲಿಲ್ಲ. ನಡುವೆ ನಡೆದದ್ದು ಇಷ್ಟು.

ಹೋಟೆಲುಗಳಿಗೆ ಬಿಲ್ ಮಾಡಿಕೊಡುವ ತಂತ್ರಾಂಶ ನಮ್ಮದು. ನಾನು ಎರಡು ವಾರ ನನ್ನ ಬ್ರಾಂಚಿನಲ್ಲೇ, ಅಂದರೆ ಕೋಡಿನ ನನ್ನದೇ ಪ್ರತ್ಯೇಕ ಕವಲಿನಲ್ಲಿ, ತಪಸ್ಸಿಗೆ ಕುಳಿತು 41 ಫೈಲುಗಳನ್ನು ತಿದ್ದಿದ್ದೆ. ಇನ್ನೊಬ್ಬರು ಓದಿ ತಪ್ಪು ಹುಡುಕುವ ಕೋಡ್ ರಿವ್ಯೂಗೆ ಕಳಿಸಿದ ಎರಡನೇ ನಿಮಿಷಕ್ಕೆ ತಂಡದ ಹಿರಿಯರೊಬ್ಬರಿಂದ ಉತ್ತರ ಬಂತು: "ಚೆನ್ನಾಗಿದೆ." ಎರಡು ನಿಮಿಷದಲ್ಲಿ 41 ಫೈಲು ಓದುವುದು ಶತಾವಧಾನಿಗೂ ಆಗದ ಕೆಲಸ. ಆದರೆ ಹೊಗಳಿಸಿಕೊಂಡವನು ಗಡಿಯಾರ ನೋಡುತ್ತಾನೆಯೇ?

ಮರ್ಜ್ ಮಾಡಲು ಹೊರಟರೆ ಕಾನ್‌ಫ್ಲಿಕ್ಟ್! ನಾನು ತಪಸ್ಸಿನಲ್ಲಿದ್ದಾಗ ಪಕ್ಕದ ಕುರ್ಚಿಯ ಗೆಳೆಯನೂ ಅದೇ ಫೈಲಿನ ಅದೇ ಜಾಗಕ್ಕೆ ಕೈ ಹಾಕಿದ್ದ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ತಂತ್ರಾಂಶ ಗಿಟ್, ಇಂಥ ಜಗಳದಲ್ಲಿ ಪಂಚಾಯಿತಿ ಮಾಡುವುದಿಲ್ಲ. ಎಡಕ್ಕೆ ಮೂತಿ ಮಾಡಿದ ಏಳು ಬಾಣ, ನಡುವೆ ಏಳು ಸಮಚಿಹ್ನೆ, ಕೊನೆಗೆ ಬಲಕ್ಕೆ ಮೂತಿ ಮಾಡಿದ ಏಳು ಬಾಣ ಹಾಕಿ, ಕಲ್ಲು ನೆಟ್ಟು ಹೊರಟ ಸರ್ವೇಯರನಂತೆ ಎದ್ದುಹೋಗುತ್ತದೆ. ಅವನ ಸಾಲು ಇಟ್ಟುಕೊಳ್ಳಬಹುದು, ನನ್ನದು ಇಟ್ಟುಕೊಳ್ಳಬಹುದು, ಇಲ್ಲವೇ ಎರಡನ್ನೂ.

ಕಚೇರಿಯ ಬಸ್ಸು ಆರಕ್ಕೆ. ಅವನದನ್ನು ಅಳಿಸಿದರೆ ಸೋಮವಾರ ಮುಖ ತೋರಿಸುವುದು ಹೇಗೆ? ನನ್ನದನ್ನೇ ಅಳಿಸುವಷ್ಟು ವೈರಾಗ್ಯ ನನಗಿನ್ನೂ ಬಂದಿಲ್ಲ. ಎರಡೂ ಇರಲಿ ಎಂದು ಒತ್ತಿ ಬಸ್ಸು ಹಿಡಿದೆ.

ಎರಡೂ ಸಾಲುಗಳ ಕೆಲಸ ಒಂದೇ ಆಗಿತ್ತು: ಬಿಲ್ಲಿಗೆ ಶೇ. 5ರಷ್ಟು ಜಿಎಸ್‌ಟಿ ಸೇರಿಸುವುದು. ಶನಿವಾರ ಬೆಳಿಗ್ಗೆ ನೂರು ರೂಪಾಯಿಯ ತಿಂಡಿ ತಿಂದವರಿಗೆ 105ರ ಬದಲು 110 ರೂಪಾಯಿ 25 ಪೈಸೆಯ ಬಿಲ್ ಬಂತು. ಗಿರಾಕಿಯೊಬ್ಬರು ಹೆಚ್ಚಿನ ಐದು ರೂಪಾಯಿಯನ್ನು ಗಮನಿಸಲೇ ಇಲ್ಲವಂತೆ. 2011ರಲ್ಲೇ ಚಲಾವಣೆಯಿಂದ ಹೋದ ನಾಲ್ಕಾಣೆಯನ್ನು ಎಲ್ಲಿಂದ ತರಲಿ ಎಂದು ಗಲ್ಲಾದ ಮುಂದೆ ನಿಂತುಬಿಟ್ಟರಂತೆ.

ಸುದ್ದಿ ಬಂದೊಡನೆ ನಾನು ಮಾಡಿದ ಮೊದಲ ಕೆಲಸ 'ಗಿಟ್ ಬ್ಲೇಮ್'. ಪ್ರತಿ ಸಾಲನ್ನೂ ಯಾರು ಬರೆದರೆಂದು ಚಾಡಿ ಹೇಳುವ ಆಜ್ಞೆ ಅದು. ಒಂದು ಸಾಲಿನ ಪಕ್ಕ ಗೆಳೆಯನ ಹೆಸರು ಕಂಡು, ಸುಳ್ಳೇಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು. ಆದರೆ ಎರಡನ್ನೂ ಕೂಡಿಸಿದ ಮರ್ಜಿನ ಮೇಲೆ ನನ್ನ ಹೆಸರೊಂದೇ ಇತ್ತು.

ಆ ಮರ್ಜನ್ನೇ ರದ್ದು ಮಾಡೋಣವೆಂದರೆ ಗಿಟ್ ತಕರಾರು ತೆಗೆಯಿತು. ಮರ್ಜಿಗೆ ಹೆತ್ತವರು ಇಬ್ಬರು, ಅದು ಕೂಡಿಸಿದ ಎರಡು ಕವಲುಗಳು; ತವರು ಯಾವುದೆಂದು ಹೇಳದೆ ಅದು ರದ್ದು ಮಾಡದು. 2005ರಲ್ಲಿ ಗಿಟ್ ಬರೆದ ಲಿನಸ್ ಟೋರ್ವಾಲ್ಡ್ಸ್, ತನ್ನ ಸೃಷ್ಟಿಗಳಿಗೆಲ್ಲ ತನ್ನದೇ ಹೆಸರಿಡುವುದಾಗಿ ತಮಾಷೆ ಮಾಡಿದ್ದುಂಟು. ಬ್ರಿಟನ್ನಿನ ಆಡುಮಾತಿನಲ್ಲಿ ಗಿಟ್ ಎಂದರೆ ಬೈಗುಳ. ಆ ಶನಿವಾರ ಆ ಬೈಗುಳ ನನಗೇ ಹೆಚ್ಚು ಒಪ್ಪುತ್ತಿತ್ತು.

ತವರು ತೋರಿಸಿದ ಮೇಲೆ ರದ್ದಾಯಿತು. ಸೋಮವಾರ ಅದೇ ಬ್ರಾಂಚನ್ನು ಮತ್ತೆ ಮರ್ಜ್ ಮಾಡಲು ಹೋದರೆ, ಇದು ಆಗಲೇ ಸೇರಿಯಾಗಿದೆ ಎಂದಿತು ಗಿಟ್. ಎರಡು ವಾರದ ದುಡಿಮೆಯ ಒಂದಕ್ಷರವೂ ಅಲ್ಲಿಲ್ಲ, ಆದರೆ ದಾಖಲೆಯ ಪ್ರಕಾರ ಸೇರಿದೆ! ತಾಲ್ಲೂಕು ಕಚೇರಿಯಲ್ಲಿ ಜೀವಂತ ಇದ್ದೇನೆಂದು ಅರ್ಜಿ ಹಿಡಿದು ನಿಂತವನ ಪಾಡು ನನ್ನದು. ಕೊನೆಗೆ ರದ್ದತಿಯನ್ನೇ ರದ್ದು ಮಾಡಿ, ಹೆಚ್ಚಾಗಿದ್ದ ಒಂದು ಸಾಲನ್ನು ಅಳಿಸಿ, ರಿವ್ಯೂಗೆ ಕಳಿಸಿದೆ.

ಅದೇ ಹಿರಿಯರು ಆ ಒಂದು ಸಾಲನ್ನು ಅರ್ಧ ದಿನ ಓದಿ ಹನ್ನೊಂದು ಟಿಪ್ಪಣಿ ಬರೆದರು. ಮೊದಲನೆಯದು: "ಅವರ ಸಾಲನ್ನು ಏಕೆ ಅಳಿಸಿದಿರಿ? ನಿಮ್ಮದನ್ನು ಅಳಿಸಬಹುದಿತ್ತಲ್ಲ?"