ಹೆಲಿಪ್ಯಾಡಿಗೆ ನೀರು ಹೊಡೆಯಿರಿ

ಬೆಳಿಗ್ಗೆ ಏಳು ಗಂಟೆಗೇ ಹೈಸ್ಕೂಲ್ ಮೈದಾನದಲ್ಲಿ ಟ್ಯಾಂಕರ್ ಬಂದು ನಿಂತಿತ್ತು. ಇಬ್ಬರು ಪೈಪ್ ಹಿಡಿದು ನೆಲಕ್ಕೆ ನೀರು ಹೊಡೆಯುತ್ತಿದ್ದರು. ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಅರ್ಧ ಊರು ನೀರಿನಲ್ಲಿ ಮುಳುಗಿತ್ತು. ಏನಿಲ್ಲ, ಮಂತ್ರಿಗಳ ಹೆಲಿಕಾಪ್ಟರ್ ಇಳಿಯುವಾಗ ಧೂಳು ಏಳಬಾರದು. ನೆರೆ ನೋಡಲು ಬಂದವರ ಕಣ್ಣಿಗೆ ಧೂಳು ಬಿದ್ದರೆ ನೆರೆ ಕಾಣುವುದು ಹೇಗೆ?

ನೆರೆ ಬಂದ ಊರಿನಲ್ಲಿ ಧೂಳು ಎಲ್ಲಿಂದ ಬಂತು ಎಂದು ಬೆಂಗಳೂರಿನವರು ಕೇಳಬಹುದು. ಕೃಷ್ಣೆಯ ದಂಡೆಯವರು ಕೇಳುವುದಿಲ್ಲ. ಮಳೆ ಹೊಡೆಯುವುದು ಮಹಾರಾಷ್ಟ್ರದ ಮಹಾಬಳೇಶ್ವರದಲ್ಲಿ. ತುಂಬುವುದು ಕೊಯ್ನಾ ಅಣೆಕಟ್ಟು. ಮುಳುಗುವುದು ನಾವು. ಎಷ್ಟೋ ಸಲ ತಲೆ ಮೇಲೆ ಒಂದು ಹನಿ ಬಿದ್ದಿರುವುದಿಲ್ಲ, ಕಾಲ ಬುಡಕ್ಕೆ ಹೊಳೆ ಬಂದಿರುತ್ತದೆ. ಹಾಗಾಗಿ ಈ ನೀರು ಕಳ್ಳನ ಹಾಗೆ ಬರುವುದಲ್ಲ, ಮದುವೆ ದಿಬ್ಬಣದ ಹಾಗೆ ಬರುತ್ತದೆ. ಕೊಯ್ನಾದಿಂದ ಎಷ್ಟು ಬಿಟ್ಟರು, ರಾಜಾಪುರ ಬ್ಯಾರೇಜಿನಲ್ಲಿ ಎಷ್ಟು ಕ್ಯೂಸೆಕ್ ಎಂದು ಚಹಾದಂಗಡಿಯಲ್ಲಿ ಕೂತ ಮುದುಕರೂ ಹೇಳುತ್ತಾರೆ. ಚಿಕ್ಕೋಡಿ ಕಡೆಯ ಕಲ್ಲೋಳ–ಯಡೂರ ಸೇತುವೆ ಮುಳುಗಿತು ಎಂಬ ಸುದ್ದಿ ಪೇಪರಿನಲ್ಲಿ ಬಂದರೆ, ಗಂಟುಮೂಟೆ ಕಟ್ಟುವುದಕ್ಕೆ ಅದೇ ಡಂಗುರ. 2005ರಲ್ಲಿ ಬಂತು. 2019ರಲ್ಲಿ ಬಂತು. 2021ರಲ್ಲೂ ಬಂತು. ಆದರೂ ಪ್ರತಿ ಸಲ ಪತ್ರಿಕಾ ಹೇಳಿಕೆಯಲ್ಲಿ ಅದು 'ಅನಿರೀಕ್ಷಿತ'.

ನಮ್ಮ ಓಣಿಗೆ ಅನಿರೀಕ್ಷಿತ ಬಂದದ್ದು ಸೋಮವಾರ ರಾತ್ರಿ. ಇಬ್ಬರು ಅಜ್ಜಿಯರು ಮಾಳಿಗೆ ಹತ್ತಿ ಕೂತಿದ್ದರು. ಓಣಿಯ ಹಿರಿಯರು, ನಾವೆಲ್ಲ ಕಾಕಾ ಎಂದು ಕರೆಯುವವರು, ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಬೋಟ್ ಕೇಳಿದರು. ಅಲ್ಲಿದ್ದವರು ಬಹಳ ಮರ್ಯಾದೆಯಿಂದ ಮಾತಾಡಿದರು. ತಾಲ್ಲೂಕಿಗೆ ತಿಳಿಸುತ್ತೇವೆ ಎಂದರು. ತಾಲ್ಲೂಕಿನವರು, ನಿಮ್ಮೂರಿಗೆ ನೋಡಲ್ ಅಧಿಕಾರಿ ಇದ್ದಾರಲ್ಲ, ಅವರನ್ನೇ ಕೇಳಿ ಎಂದರು. ನೋಡಲ್ ಅಧಿಕಾರಿಯ ಇಲಾಖೆಗೂ ನೆರೆಗೂ ಸಂಬಂಧವಿಲ್ಲ. ನಿನ್ನೆಯಷ್ಟೇ ಅವರ ಕೈಗೆ ಆದೇಶ ಬಂದಿತ್ತು. 'ಊರಿಗೆ ಬರೋ ದಾರಿ ಯಾವುದು ಹೇಳಿ' ಎಂದು ಅವರೇ ಕಾಕಾನನ್ನು ಕೇಳಿದರು. ಕಾಕಾ ದಾರಿ ಹೇಳಿದರು. ಆದರೆ ದಾರಿ ನೀರಿನಲ್ಲಿತ್ತು.

ಬೋಟ್ ಇರಲಿಲ್ಲ ಅಂತಲ್ಲ, ಸುಮ್ನೆ ಹೇಳಬಾರದು. ಬೋಟ್ ಒಬ್ಬರ ಹತ್ತಿರ, ಅದಕ್ಕೆ ಪೆಟ್ರೋಲ್ ಹಾಕಿಸುವ ಅಧಿಕಾರ ಇನ್ನೊಬ್ಬರ ಹತ್ತಿರ, ಅದನ್ನು ಎಳೆದು ತರುವ ಟ್ರ್ಯಾಕ್ಟರ್ ಮೂರನೆಯವರ ಹತ್ತಿರ. ಮೂವರೂ ಒಂದೇ ವಾಟ್ಸಾಪ್ ಗ್ರೂಪಿನಲ್ಲಿದ್ದರು. ಗ್ರೂಪಿನ ಹೆಸರು 'ಪ್ರವಾಹ ತುರ್ತು 2'. 1 ಎಲ್ಲಿ ಹೋಯಿತು ಎಂದು ವಿಚಾರಿಸಿದೆ. ಅದು ತುಂಬಿ ಹೋಗಿತ್ತಂತೆ. ಕಾಕಾ ಕಳಿಸಿದ ಮಾಳಿಗೆಯ ಫೋಟೋಕ್ಕೆ ಮೇಲಿನವರೊಬ್ಬರು 'ಕೂಡಲೇ ಕ್ರಮ ವಹಿಸಿ' ಎಂದು ಹಾಕಿದರು. ಕೆಳಗೆ ಸಾಲಾಗಿ 'ನೋಟೆಡ್ ಸರ್', 'ನೋಟೆಡ್ ಸರ್'. ಅಷ್ಟರಲ್ಲಿ ಮೀನು ಹಿಡಿಯುವ ಹುಡುಗರು ತೆಪ್ಪ ತಂದು ಅಜ್ಜಿಯರನ್ನು ಇಳಿಸಿಕೊಂಡು ಹೋಗಿದ್ದರು. ಆ ಹುಡುಗರು ಯಾವ ಗ್ರೂಪಿನಲ್ಲೂ ಇರಲಿಲ್ಲ.

ಪುಸ್ತಕದಲ್ಲಿ ಇದಕ್ಕೆಲ್ಲ ಉತ್ತರ ಇದೆ. 1970ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾಡಿಗೆ ಬೆಂಕಿ ಬಿದ್ದಾಗ ನೂರೆಂಟು ಅಗ್ನಿಶಾಮಕ ದಳಗಳು ಓಡಿ ಬಂದವು. ಒಬ್ಬರ ವೈರ್‌ಲೆಸ್ ಇನ್ನೊಬ್ಬರಿಗೆ ಕೇಳದು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆ ಪೆಟ್ಟು ತಿಂದ ಮೇಲೆ ಅವರು ಒಂದು ಪದ್ಧತಿ ಮಾಡಿಕೊಂಡರು. ಅದನ್ನೇ ನಮಗೆ ಒಗ್ಗುವಂತೆ ತಿದ್ದಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಮಾರ್ಗಸೂಚಿ ತಂದಿತು. ದೊಡ್ಡ ವೇದಾಂತವೇನಲ್ಲ. ಒಬ್ಬ ಆಳಿಗೆ ಒಬ್ಬನೇ ಯಜಮಾನ. ಒಬ್ಬ ಯಜಮಾನನ ಕೈಕೆಳಗೆ ಏಳು ಜನಕ್ಕಿಂತ ಜಾಸ್ತಿ ಬೇಡ. ಎಲ್ಲರಿಗೂ ಅರ್ಥವಾಗುವ ಮಾತು. ಬೇಕಾದ ಸಾಮಾನು ಮೊದಲೇ ಹತ್ತಿರದಲ್ಲಿ. ನಮ್ಮ ಕಡೆ ಜಾತ್ರೆಯಲ್ಲಿ ತೇರು ಎಳೆಯುವವರೂ ಇದನ್ನೇ ಮಾಡುತ್ತಾರೆ, ಮಾರ್ಗಸೂಚಿ ಓದದೆ.

ಕಾನೂನೂ ಇದೆ, 2005ರದ್ದು. ಜಿಲ್ಲೆಯ ವಿಪತ್ತು ಪ್ರಾಧಿಕಾರಕ್ಕೆ ಡಿಸಿ ಅಧ್ಯಕ್ಷರು, ಜಿಲ್ಲಾ ಪಂಚಾಯಿತಿ ಅಧ್ಯಕ್ಷರು ಸಹ ಅಧ್ಯಕ್ಷರು. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಸಹ ಅಧ್ಯಕ್ಷರ ಕುರ್ಚಿ ಮಾತ್ರ ಯಾವ ನೆರೆಗೂ ಒದ್ದೆಯಾಗದೆ ಹಾಗೇ ಉಳಿಯಿತು.

ಒಬ್ಬನೇ ಯಜಮಾನ ಎಂಬ ತತ್ವವನ್ನು ನಾವು ಒಮ್ಮೆ ಅಕ್ಷರಕ್ಕೆ ಅಕ್ಷರ ಪಾಲಿಸಿದ್ದೂ ಉಂಟು. 2019ರ ಜುಲೈ 26ಕ್ಕೆ ಯಡಿಯೂರಪ್ಪನವರು ಮುಖ್ಯಮಂತ್ರಿಯಾದರು. ಮಂತ್ರಿಗಳು ಪ್ರಮಾಣವಚನ ಸ್ವೀಕರಿಸಿದ್ದು ಆಗಸ್ಟ್ 20ಕ್ಕೆ. ನಡುವಿನ ದಿನಗಳಲ್ಲೇ ಕೃಷ್ಣೆ, ಮಲಪ್ರಭೆ, ಘಟಪ್ರಭೆ ಮೂವರೂ ಉಕ್ಕಿದರು. ಇಡೀ ಸಂಪುಟಕ್ಕೆ ಒಬ್ಬರೇ. ಕ್ಯಾಲಿಫೋರ್ನಿಯಾದವರಿಗೂ ಇಷ್ಟು ಶುದ್ಧವಾಗಿ ಮಾಡಲು ಬಂದಿರಲಿಕ್ಕಿಲ್ಲ.

ಇರಲಿ. ನಮ್ಮವರಿಗೆ ಈ ತತ್ವಗಳು ತಲೆಗೇ ಹೋಗಿಲ್ಲ ಎಂದು ಬುಧವಾರದವರೆಗೆ ನಾನೂ ಅಂದುಕೊಂಡಿದ್ದೆ. ಬುಧವಾರ ಸಂಜೆ ಮಂತ್ರಿಗಳ ಪ್ರವಾಸ ಪಟ್ಟಿ ಬಂತು.

ನೋಡಬೇಕಿತ್ತು ನೀವು! ಮೊದಲು ಮುನ್ಸೂಚನೆಯ ವಿಚಾರ. ನೀರು ಯಾವಾಗ ಬರುತ್ತದೆ ಎಂದು ಸರ್ಕಾರದವರು ಯಾರೂ ಹೇಳಿರಲಿಲ್ಲ, ಮಂತ್ರಿಗಳು ಮಾತ್ರ ಮರುದಿನ ಬೆಳಿಗ್ಗೆ 10.40ಕ್ಕೆ ಬಂದು 10.55ಕ್ಕೆ ಹೊರಡುತ್ತಾರೆ ಎಂದು ಬರೆದಿತ್ತು. ಮೂರು ವರ್ಷದ ತಗ್ಗುಗಳಿಗೆ ರಾತ್ರೋರಾತ್ರಿ ಜಲ್ಲಿಪುಡಿ ಬಿತ್ತು. ಕಂಬ ಬಿದ್ದಿದೆ, ಎರಡು ದಿನ ಬೇಕು ಎಂದಿದ್ದ ಕರೆಂಟು ಒಂಬತ್ತು ಗಂಟೆಗೆ ಬಂತು. ಮೊಬೈಲ್ ಟವರಿಗೆ ಡೀಸೆಲ್ ಬಂತು. ರಸ್ತೆಯ ಎರಡೂ ಕಡೆ ಬ್ಲೀಚಿಂಗ್ ಪೌಡರಿನ ಬಿಳಿ ಗೆರೆ ಬಿತ್ತು, ಹಿಟ್ಟಿನ ರಂಗೋಲಿ ಹಾಗೆ. ಸುರಕ್ಷಿತ ಸ್ಥಳಕ್ಕೆ ಸ್ಥಳಾಂತರವೂ ಆಯಿತು: ಎರಡು ಆಟೋ, ಒಂದು ಹೋರಿ, ಮತ್ತೆ ಜೋರಾಗಿ ಮಾತಾಡುವ ಕಾಕಾ. ಕಾಕಾನನ್ನು ನೆರೆ ಸಂತ್ರಸ್ತರ ಕಾಳಜಿ ಕೇಂದ್ರದ ಹಿಂದಿನ ಕೋಣೆಯಲ್ಲಿ ಕೂರಿಸಿದರು.

ಎಲ್ಲಕ್ಕೂ ಒಬ್ಬರೇ ಅಧಿಕಾರಿ. ಅವರು ಫೋನ್ ಮೊದಲ ರಿಂಗಿಗೇ ಎತ್ತುತ್ತಿದ್ದರು. ಬೋಟ್, ಪೆಟ್ರೋಲ್, ಟ್ರ್ಯಾಕ್ಟರ್ ಮೂರೂ ಒಟ್ಟಿಗೆ ಬಂದು ನಿಂತವು. ಬೋಟಿಗೆ ಹೂವಿನ ಹಾರವೂ ಬಿತ್ತು. ಮಂತ್ರಿಗಳು ಹತ್ತಿದರೆ ಎಲ್ಲಿ ಕೂರಬೇಕು ಎಂದು ಇಬ್ಬರು ಎರಡು ಸಲ ಹತ್ತಿ ಇಳಿದು ತಾಲೀಮು ಮಾಡಿದರು. ಮಾಕ್ ಡ್ರಿಲ್ ಎಂದರೆ ಇದೇ ಅಲ್ವಾ?

ಕಾಳಜಿ ಕೇಂದ್ರದ ಕಥೆ ಬೇರೆ. ಮೊದಲು ಅದರ ಹೆಸರು ಗಂಜಿ ಕೇಂದ್ರ. ಹೆಸರು ಕೇಳಲು ಚೆನ್ನಾಗಿಲ್ಲ, ಜನಕ್ಕೆ ಅವಮಾನ ಎಂದು ಕಾಳಜಿ ಕೇಂದ್ರ ಮಾಡಿದರು. ಒಳ್ಳೆಯ ಹೆಸರೇ. ಮೂರು ದಿನ ಅಲ್ಲಿ ಅನ್ನ, ತಿಳಿಸಾರು. 'ಗಂಜಿ ಕೇಂದ್ರದಾಗ ಗಂಜಿಯಾದ್ರೂ ಇರತಿತ್ತು' ಎಂದು ಕಾಕಾ ಗೊಣಗಿದ್ದರು. ಗುರುವಾರ ಬೆಳಿಗ್ಗೆ ಹೋಳಿಗೆ, ತುಪ್ಪ, ಬಾಳೆಹಣ್ಣು. ಮಂತ್ರಿಗಳು ತಿಂದು ನೋಡುತ್ತಾರಂತೆ, ಹಾಗಾಗಿ ಅವರು ಬರುವವರೆಗೆ ಯಾರೂ ಮುಟ್ಟುವಂತಿಲ್ಲ. ಮಕ್ಕಳು ತಟ್ಟೆ ಹಿಡಿದು ಹೋಳಿಗೆ ನೋಡುತ್ತಾ ಕೂತಿದ್ದವು. ಅದೂ ಒಂದು ಸಮೀಕ್ಷೆಯೇ.

ಹೆಲಿಕಾಪ್ಟರ್ 11.20ಕ್ಕೆ ಬಂತು. ಊರ ಮೇಲೆ ಎರಡು ಸುತ್ತು ಹಾಕಿತು. ನಾವೆಲ್ಲ ತಲೆ ಎತ್ತಿ ಕೈ ಬೀಸಿದೆವು. ಬಾಗಿಲ ಹತ್ತಿರ ಒಂದು ಬಿಳಿ ತೋಳು ಕಂಡ ಹಾಗಾಯಿತು. ಆಮೇಲೆ ಅದು ಮುಂದಿನ ಊರಿಗೆ ಹೋಯಿತು. ಹೊತ್ತಾಗಿತ್ತಂತೆ. ಟ್ಯಾಂಕರಿನವನು ಪೈಪ್ ಸುತ್ತಿಕೊಂಡ. ಮಕ್ಕಳಿಗೆ ಹೋಳಿಗೆ ಸಿಕ್ಕಿತು, ಆರಿತ್ತು. ಸಂಜೆಯೊಳಗೆ ಬೋಟು, ಪೆಟ್ರೋಲು, ಟ್ರ್ಯಾಕ್ಟರು ಮೂರೂ ಮೂರು ದಿಕ್ಕು ಹಿಡಿದವು. ರಾತ್ರಿ ಕರೆಂಟೂ ಹೋಯಿತು.

ಶುಕ್ರವಾರ ನಸುಕಿನಲ್ಲಿ ನೀರು ಮತ್ತೆ ಏರಿತು. ಈ ಸಲ ಕೆಳಗಿನ ಓಣಿಯವರು ಮಾಳಿಗೆ ಹತ್ತಿದರು. ತೆಪ್ಪದ ಹುಡುಗರು ಆಚೆ ದಂಡೆಯಲ್ಲಿ ಸಿಕ್ಕಿಕೊಂಡಿದ್ದರು. ಕಾಕಾ ಕಂಟ್ರೋಲ್ ರೂಮಿಗೆ ಫೋನ್ ಹಚ್ಚಿದರು. ನಾನು ಪಕ್ಕದಲ್ಲೇ ಇದ್ದೆ. ನೀರು, ಮಾಳಿಗೆ, ಬೋಟು, ಯಾವುದರ ಸುದ್ದಿಯನ್ನೂ ಅವರು ಎತ್ತಲಿಲ್ಲ.

'ಸಾಹೇಬ್ರ, ಮಂತ್ರಿಗಳು ಇವತ್ತ ಮತ್ತ ಬರಾಕತ್ತಾರಂತಲ್ರೀ. ಹೊಳಿ ದಂಡಿಗೆ ನಿಂತು ನೋಡ್ತಾರಂತ. ನಿಮಗ ಸುದ್ದಿ ಇಲ್ಲೇನ್ರೀ?'

ನಲವತ್ತು ನಿಮಿಷದಲ್ಲಿ ಬೋಟ್ ಬಂತು. ಅದರ ಹಿಂದೆಯೇ ಬ್ಲೀಚಿಂಗ್ ಪೌಡರಿನ ಗಾಡಿ.